ಆರು, ಏಳು, ನಡುವೆ ಆರೂವರೆ

ನಮ್ಮಜ್ಜಿಯ ಕಥೆಗಳಲ್ಲಿ ಮೂವರು ಅಣ್ಣತಮ್ಮಂದಿರಿದ್ದರೆ ರಾಕ್ಷಸನನ್ನು ಗೆಲ್ಲುವವನು ಯಾವಾಗಲೂ ಕಿರಿಯವನೇ. ದೊಡ್ಡವನು ಕತ್ತಿ ಮರೆತು ಹೋಗುತ್ತಾನೆ, ನಡುವಿನವನು ದಾರಿ ಮರೆತು ಹೋಗುತ್ತಾನೆ, ಕಿರಿಯವನು ಜೇಬಿನಲ್ಲೊಂದು ಒಣರೊಟ್ಟಿ ಇಟ್ಟುಕೊಂಡು ಹೋಗಿ ಸಂಜೆಯೊಳಗೆ ಅರ್ಧ ರಾಜ್ಯ ಗೆದ್ದು ತರುತ್ತಾನೆ. ಡೆಲ್ಬರ್ಟ್ ಚಿಕ್ಕಪ್ಪ ಅಜ್ಜಿಯ ಮೂವರು ಗಂಡುಮಕ್ಕಳಲ್ಲಿ ಕಿರಿಯವನು. ಅವನು ಕತ್ತಿಯನ್ನೂ ಮರೆಯುತ್ತಿದ್ದ, ದಾರಿಯನ್ನೂ ಮರೆಯುತ್ತಿದ್ದ. ರೊಟ್ಟಿ ಮರೆತದ್ದನ್ನು ಮಾತ್ರ ಯಾರೂ ಕಂಡಿಲ್ಲ.

ನಮ್ಮ ಬೆಂಟ್ ಕ್ರೀಕಿನಲ್ಲಿ ವಾರಪತ್ರಿಕೆ ಹಂಚುವುದು ಅವನ ಕೆಲಸ. ಗುರುವಾರ ಬೆಳಿಗ್ಗೆ ಹಳೆಯ ಪಿಕಪ್ಪಿನಲ್ಲಿ ಹೊರಟು, ಹೆಸರಿನ ಚೀಟಿ ಅಂಟಿಸಿದ ಪತ್ರಿಕೆಗಳನ್ನು ಒಂದೊಂದು ಬೇಲಿಯ ಡಬ್ಬಿಗೂ ತುರುಕುತ್ತ ಹೋಗುತ್ತಾನೆ. ಆಮೇಲೆ ಊರಿನವರೆಲ್ಲ ಪಕ್ಕದ ಮನೆಯ ಬೇಲಿಗೆ ಹೋಗಿ ತಮ್ಮ ತಮ್ಮ ಪತ್ರಿಕೆ ತಂದುಕೊಳ್ಳುತ್ತಾರೆ. ಮೊಂಟಾನಾದಲ್ಲಿ ಇಷ್ಟು ಚೆನ್ನಾಗಿ ಒಬ್ಬರನ್ನೊಬ್ಬರು ಮಾತಾಡಿಸುವ ನೆರೆಹೊರೆಯವರು ಇನ್ನೊಂದು ಊರಲ್ಲಿ ಸಿಗಲಾರರು.

ಅಂಥವನು ಕೋವಿ ಹಿಡಿಯಬೇಕಾಗಿ ಬಂದದ್ದು ಅಜ್ಜಿಯ ಕುರ್ಚಿಯಿಂದ.

ಊರಾಚೆ ಗುಡ್ಡದ ಬುಡದಲ್ಲಿ ಗುರಿಕಾರರ ಸಂಘದ ಮೈದಾನವಿದೆ. ಈ ತುದಿಯಲ್ಲಿ ಬೋರಲಾಗಿ ಮಲಗಿ ಹೊಡೆಯಲು ಹತ್ತು ಸಿಮೆಂಟು ಕಟ್ಟೆಗಳು. ಆ ತುದಿಯಲ್ಲಿ, ಸಾವಿರ ಗಜ ಆಚೆ, ಹತ್ತು ಗುರಿಹಲಗೆಗಳು, ಪ್ರತಿಯೊಂದರ ನಡುವೆ ದುಂಡನೆಯ ಕಪ್ಪು. ಹಲಗೆಗಳ ಬುಡಕ್ಕೆ ಕಂದಕ. ಕಂದಕದೊಳಗೆ ಕೂತವರು ಪ್ರತಿ ಗುಂಡಿಗೂ ಹಲಗೆಯನ್ನು ಕೆಳಗೆಳೆದು, ತೂತು ಬಿದ್ದ ಕಡೆ ಬಿಲ್ಲೆ ಸಿಕ್ಕಿಸಿ ಮೇಲೆತ್ತುತ್ತಾರೆ. ತೂತೇ ಇಲ್ಲದಿದ್ದರೆ ಹಲಗೆಯ ಮುಂದೆ ಕೆಂಪು ಬಾವುಟ ಬೀಸುತ್ತಾರೆ. ಆ ಬಾವುಟಕ್ಕೆ ನಮ್ಮವರ ಬಾಯಲ್ಲಿ ‘ಮ್ಯಾಗಿಯ ಲಂಗ’ ಎಂದು ಹೆಸರು. ಮ್ಯಾಗಿ ಯಾರೆಂದು ಯಾರಿಗೂ ಗೊತ್ತಿಲ್ಲ; ಅವಳ ಲಂಗ ಮಾತ್ರ ಎಲ್ಲರಿಗೂ ಗೊತ್ತು.

ಕಟ್ಟೆಗಳು ಮನೆತನದವು. ಏಳನೆಯದು ನಮ್ಮದು, ಆರ್ನೆ ಅಜ್ಜ ತಾನೇ ಸಿಮೆಂಟು ಕಲಸಿ ಹಾಕಿದ್ದು. ಅದರ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಅಜ್ಜಿ ನಲವತ್ತೊಂದು ವರ್ಷ ಶನಿವಾರ ಶನಿವಾರ ಉಲ್ಲನ್ ಹೆಣೆದಳು. ಅಜ್ಜ ತೀರಿಕೊಂಡ ಮೇಲೂ ಬಂದು ಖಾಲಿ ಕಟ್ಟೆಯ ಹಿಂದೆ ಕೂತು ಹೆಣೆದಳು. “ಅವನು ಆಗಲೂ ನನಗೆ ಬೆನ್ನು ಹಾಕಿ ಸುಮ್ಮನೆ ಮಲಗಿರ್ತಿದ್ದ, ಈಗಲೂ ಹಾಗೇ ಅಂದ್ಕೊಂಡ್ರಾಯ್ತು” ಎನ್ನುತ್ತಿದ್ದಳು. ಅದೇ ವರ್ಷ ಸಂಘದವರು ಹಲಗೆಗಳ ಸಾಲಿನ ಎಡತುದಿಗೆ ಇನ್ನೊಂದು ಹಲಗೆ ನಿಲ್ಲಿಸಿದರು. ಅದಕ್ಕೆ ಅಂಕಿಯಿಲ್ಲ. ಅದು ತೀರಿಹೋದ ಸದಸ್ಯರದು. ಅದಕ್ಕೆ ಯಾರೂ ಹೊಡೆಯುವುದಿಲ್ಲ.

ಏಪ್ರಿಲಿನ ಒಂದು ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಪ್ಯಾನ್‌ಕೇಕ್ ಊಟ. ಸಂಘದ ಕಾರ್ಯದರ್ಶಿ ಹಾರ್ಲನ್ ಕ್ರೂಗರ್ ಎದ್ದು ನಿಂತ. ಆರನೇ ಕಟ್ಟೆ ಅವನದು, ಅಂದರೆ ನಮ್ಮ ಪಕ್ಕದ್ದು. ಅವನ ಮೀಸೆ ಒಳ್ಳೆಯ ಮೀಸೆ; ಅದರ ಹಿಂದಿನಿಂದ ಬರುವ ಮಾತೆಲ್ಲ ಕಾನೂನಿನಂತೆಯೇ ಕೇಳಿಸುತ್ತಿತ್ತು.

“ಸಿಗ್ನೆ ಅಮ್ಮ, ತಪ್ಪು ತಿಳ್ಕೋಬೇಡಿ,” ಎಂದ ಅಜ್ಜಿಗೆ. “ನಿಯಮ ನಾನು ಮಾಡಿದ್ದಲ್ಲ. ಮೂರು ವರ್ಷದಲ್ಲಿ ಒಂದ್ಸಲನಾದ್ರೂ ಮನೆಯವರು ಯಾರಾದ್ರೂ ಆಗಸ್ಟಿನ ಪಂದ್ಯದಲ್ಲಿ ಹೊಡೀಬೇಕು. ಹತ್ತರಲ್ಲಿ ಐದಾದ್ರೂ ಕಪ್ಪೊಳಗೆ ಬೀಳ್ಬೇಕು. ಇಲ್ದಿದ್ರೆ ಕಟ್ಟೆ ಬೇರೆಯವ್ರಿಗೆ. ಇದು ಮೂರನೇ ವರ್ಷ.”

“ಕುರ್ಚಿ?” ಎಂದಳು ಅಜ್ಜಿ.

“ಕುರ್ಚಿ ಕಟ್ಟೆ ಜೊತೆಗೇ ಹೋಗುತ್ತೆ ಅಮ್ಮ. ಬೇಕಿದ್ರೆ ವಾಹನ ನಿಲ್ಲಿಸೋ ಕಡೆ ಹಾಕ್ಕೊಂಡು ಕೂತ್ಕೋಬಹುದು.”

ನನ್ನ ಅಪ್ಪ ಅಲಾಸ್ಕಾದಲ್ಲಿದ್ದ. ದೊಡ್ಡಪ್ಪನಿಗೆ ಎರಡೂ ಮೊಣಕಾಲು ಕಬ್ಬಿಣದವು. ಉಳಿದವನು ಮೂರನೇ ತಟ್ಟೆಗೆ ಸಿರಪ್ಪು ಸುರಿದುಕೊಳ್ಳುತ್ತಿದ್ದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಅವನಿಗೆ ಗೊತ್ತಾದಾಗ ಸಿರಪ್ಪು ಮೇಜಿಗೆ ಇಳಿದಿತ್ತು.

“ನಾನು ಹೊಡೀತೀನಿ,” ಎಂದ ಚಿಕ್ಕಪ್ಪ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಸಾವಿರ ಗಜ ಏನು ಮಹಾ! ಯಾವತ್ತಿಂದಲೋ ಯೋಚ್ನೆ ಮಾಡ್ತಾನೇ ಇದ್ದೆ.”

“ಯಾವ ಅಳತೆ ಗುಂಡು?” ಕೇಳಿದ ಹಾರ್ಲನ್.

ಚಿಕ್ಕಪ್ಪ ನನ್ನ ಕಡೆ ನೋಡಿದ. ನಾನು ಕಿಟಕಿಯಲ್ಲಿ ಕರಗುತ್ತಿದ್ದ ಹಿಮದ ಹನಿ ಲೆಕ್ಕ ಹಾಕುತ್ತಿದ್ದೆ. “ಮಾಮೂಲಿದು,” ಎಂದ ಅವನು.

ಬೆಂಟ್ ಕ್ರೀಕಿನಲ್ಲಿ ದೇವರ ಬಗ್ಗೆ ಏನು ಬೇಕಾದರೂ ಹೇಳಬಹುದು, ಪಾದ್ರಿ ನುಡ್ಸನ್ನರು ನಕ್ಕು ಸುಮ್ಮನಾಗುತ್ತಾರೆ. ಗುಂಡಿನ ಅಳತೆಯ ವಿಷಯದಲ್ಲಿ ‘ಮಾಮೂಲಿದು’ ಎನ್ನುವ ಹಾಗಿಲ್ಲ. ನೆಲಮಾಳಿಗೆಯಲ್ಲಿ ಕುರ್ಚಿಗಳು ಹಿಂದಕ್ಕೆ ಸರಿದವು.

“ಮಾಮೂಲಿದು ಅಂದ್ರೆ ಮುನ್ನೂರೆಂಟೇ!” ಹಾರ್ಲನ್ ಮೇಜು ಕುಟ್ಟಿದ. “ಕಲಿಯೋನಿಗೆ ಮುನ್ನೂರೆಂಟು ಬಿಟ್ರೆ ಗತಿಯಿಲ್ಲ. ಸ್ವಲ್ಪ ಗಾಳಿ ಬೀಸಿದ್ರೂ ಪಕ್ಕಕ್ಕೆ ಹೋಗುತ್ತೆ. ಅದರಿಂದಾನೇ ಗಾಳಿ ಓದೋದು ಬರೋದು.”

“ಪಕ್ಕಕ್ಕೆ ಹೋಗೋದು ನನಗೆ ಆಗಲೇ ಬರುತ್ತಲ್ಲ?” ಎಂದ ಚಿಕ್ಕಪ್ಪ ಗೊಂದಲದಿಂದ.

“ಪಾಪದವನ ಭುಜ ಮುರೀಬೇಡಯ್ಯಾ ಹಾರ್ಲನ್,” ಎಂದಳು ಕಬ್ಬಿಣದ ಅಂಗಡಿಯ ಡಾರ್ಲಾ. ಎರಡನೇ ಕಟ್ಟೆ ಅವಳದು. “ಒದೆಯೋ ಹಸು ಹತ್ರ ಯಾರಾದ್ರೂ ಹಾಲು ಕರೆಯೋದು ಕಲೀತಾರಾ? ಆರೂವರೆ ಮಿಲಿಮೀಟರಿಂದು ತಗೋ ಡೆಲ್ಬರ್ಟ್. ಮೆತ್ತಗೆ ತಳ್ಳುತ್ತೆ, ನೆಟ್ಟಗೆ ಹೋಗುತ್ತೆ, ಗಾಳಿಗೂ ಅಷ್ಟಾಗಿ ಬಗ್ಗಲ್ಲ.”

“ಆರೂವರೆಯಂತೆ!” ಹಾರ್ಲನ್ನನ ಮೀಸೆ ನಡುಗಿತು. “ಅದು ನಿನ್ನೆ ಹುಟ್ಟಿದ ಮಗು! ಅದರಲ್ಲಿ ಯಾರಾದ್ರೂ ಈ ಪಂದ್ಯ ಗೆದ್ರೆ, ನಾನು ಮ್ಯಾಗಿಯ ಲಂಗ ಸುತ್ಕೊಂಡು ಪೇಟೆ ಬೀದಿಲಿ ಈ ತುದಿಯಿಂದ ಆ ತುದಿಗೆ ನಡೀತೀನಿ! ಎಲ್ರೂ ಕೇಳಿಸ್ಕೊಳ್ಳಿ!”

ಎಲ್ಲರೂ ಕೇಳಿಸಿಕೊಂಡರು. ಒಬ್ಬೊಬ್ಬರೇ ತಲೆಯಾಡಿಸಿ, “ಮುನ್ನೂರೆಂಟೇ ಸರಿ ಬಿಡಪ್ಪ” ಎಂದರು. ಪಾದ್ರಿಗಳು ಮಾತ್ರ, “ಇನ್ನೂರಿಪ್ಪತ್ತಮೂರು ಅಂತ ಒಂದಿದೆ, ಬಡವರ ಗುಂಡು, ಬೆಲೆಯೂ ಕಮ್ಮಿ, ಗರ್ವವೂ ಕಮ್ಮಿ” ಎಂದು ಮೆಲ್ಲಗೆ ಸೇರಿಸಿದರು. ಮೂಲೆಯಿಂದ ಮುದುಕ ಎಮಿಲ್ ಕೂಗಿದ: “ಮುನ್ನೂರರ ಮ್ಯಾಗ್ನಮ್ ಕೊಡ್ರೋ ಅವನಿಗೆ! ಗುರಿ ತಪ್ಪಿದ್ರೂ ಗುಡ್ಡಕ್ಕಾದ್ರೂ ಬುದ್ಧಿ ಬರುತ್ತೆ!”

ಚಿಕ್ಕಪ್ಪ ಕರವಸ್ತ್ರದ ಮೇಲೆ ಎಲ್ಲ ಅಂಕಿಗಳನ್ನೂ ಬರೆದುಕೊಂಡ. ಮನೆಗೆ ಬಂದು ಕೂಡಿಸಿದ. ಎಂಟುನೂರಾ ಮೂವತ್ತೇಳೂವರೆ ಬಂತು. “ಇಷ್ಟು ದೊಡ್ಡದು ಅಂಗಡೀಲಿ ಸಿಗುತ್ತಾ?” ಎಂದು ನನ್ನನ್ನು ಕೇಳಿದ.

ಜೂನಿನ ಮೊದಲ ಶನಿವಾರ ಹಾರ್ಲನ್ ತನ್ನದೇ ಒಂದು ಹಳೆಯ ಮುನ್ನೂರೆಂಟನ್ನು ಎರವಲು ಕೊಟ್ಟ. ಅದರ ಮೇಲಿನ ದುರ್ಬೀನನ್ನು ಸಾವಿರ ಗಜಕ್ಕೆ ಹೊಂದಿಸಿಯೂ ಕೊಟ್ಟ. ಅದರ ಜೊತೆಗೆ ಪಾಠ.

“ಕೋವಿ ಕುದುರೆನ ಎಳೀಬಾರದು ಡೆಲ್ಬರ್ಟ್. ಒತ್ತುತ್ತಾ ಇರಬೇಕು ಅಷ್ಟೆ. ಗುಂಡು ಯಾವಾಗ ಹೊರಡ್ತು ಅಂತ ನಿನಗೇ ಆಶ್ಚರ್ಯ ಆಗ್ಬೇಕು.”

“ನನಗೆ ಸಾಮಾನ್ಯವಾಗಿ ಎಲ್ಲಕ್ಕೂ ಆಶ್ಚರ್ಯ ಆಗುತ್ತೆ,” ಎಂದ ಚಿಕ್ಕಪ್ಪ.

ಅವನು ಏಳನೇ ಕಟ್ಟೆಯ ಮೇಲೆ ಮಲಗಿದ. ಹಿಂದೆ ಅಜ್ಜಿ ಕುರ್ಚಿಯಲ್ಲಿ. ಪಕ್ಕದಲ್ಲಿ ನಾನು, ದೊಡ್ಡ ದುರ್ಬೀನು ಹಿಡಿದು ಗುಂಡು ಎಲ್ಲಿ ಬಿತ್ತೆಂದು ಹೇಳುವವಳು. ಈ ಕೆಲಸಕ್ಕೆ ನನ್ನನ್ನು ಆರಿಸಿದ್ದು ಯಾರೆಂದು ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ.

“ನಮ್ದು ಯಾವುದೇ?” ಕೇಳಿದ ಚಿಕ್ಕಪ್ಪ.

ಆಗ ಗುಡ್ಡದ ಮೇಲೆ ಒಂದು ಮೋಡ ಮೂರು ತಲೆಯ ರಾಕ್ಷಸನ ಆಕಾರಕ್ಕೆ ಬಂದಿತ್ತು. ಎರಡು ತಲೆ ಸ್ಪಷ್ಟವಾಗಿದ್ದವು, ಮೂರನೆಯದು ಆಗುತ್ತಿತ್ತು. “ಎಡದಿಂದ ಏಳನೆಯದು ಚಿಕ್ಕಪ್ಪ,” ಎಂದೆ, ತಲೆ ಎತ್ತಿಕೊಂಡೇ. ಅವನು ಒಂದು, ಎರಡು ಎಂದು ತುಟಿಯಲ್ಲೇ ಎಣಿಸಿದ.

ಢಂ! ಪಕ್ಕದಲ್ಲಿ ಹಾರ್ಲನ್ ಹೊಡೆದ, ಚಿಕ್ಕಪ್ಪನೂ ಹೊಡೆದ. ಎರಡು ಢಂ ಸೇರಿ ಒಂದೇ ಢಂ ಎಂದು ಕೇಳಿಸಿತು. ದುರ್ಬೀನಿನಲ್ಲಿ ಏಳನೇ ಹಲಗೆ ಇಳಿಯಿತು, ಏರಿತು. ಅದರ ಮುಂದೆ ಕೆಂಪು ಬಾವುಟ ನಿಧಾನವಾಗಿ ಈ ಕಡೆಯಿಂದ ಆ ಕಡೆಗೆ ಹೋಯಿತು.

ಹತ್ತು ಗುಂಡು, ಹತ್ತು ಲಂಗ. ಅದೇ ಹೊತ್ತಿಗೆ ಪಕ್ಕದ ಆರನೇ ಹಲಗೆಯಲ್ಲಿ ಹಾರ್ಲನ್ನನಿಗೆ ಬಿಲ್ಲೆಯ ಮೇಲೆ ಬಿಲ್ಲೆ, ನಡುಗಪ್ಪಿನಲ್ಲಿ! “ನೋಡಿದ್ರಾ? ಅದೇ ಗಾಳಿ, ಅದೇ ಮುನ್ನೂರೆಂಟು,” ಎಂದು ಮೀಸೆ ಸವರಿಕೊಂಡ. “ಇಪ್ಪತ್ತೆಂಟು ವರ್ಷದಲ್ಲಿ ಹೀಗೆ ಹೊಡೆದಿರಲಿಲ್ಲ. ಕಲಿಸೋಕೆ ಶುರು ಮಾಡಿದ್ಮೇಲೆ ನಾನೇ ಸುಧಾರಿಸಿದೀನಿ.”

ಸೋಮವಾರದ ಹೊತ್ತಿಗೆ ತೀರ್ಪು ಹೊರಬಿತ್ತು: ಡೆಲ್ಬರ್ಟನಿಗೆ ಮುನ್ನೂರೆಂಟು ಆಗಿಬರುವುದಿಲ್ಲ.

ಎರಡನೇ ಶನಿವಾರ ಪಾದ್ರಿಗಳ ಇನ್ನೂರಿಪ್ಪತ್ತಮೂರು. ಹತ್ತು ಲಂಗ. “ತೀರಾ ಸಣ್ಣ ಗುಂಡು, ಗಾಳಿ ತಿಂದುಹಾಕ್ತು,” ಎಂದಿತು ಊರು. ಮೂರನೇ ಶನಿವಾರ ಎಮಿಲನ ಮ್ಯಾಗ್ನಮ್. ಪ್ರತಿ ಗುಂಡಿಗೂ ಚಿಕ್ಕಪ್ಪ ಕಟ್ಟೆಯಿಂದ ಒಂದೊಂದು ಗೇಣು ಹಿಂದೆ ಸರಿದು, ಹತ್ತನೆಯದಕ್ಕೆ ಅಜ್ಜಿಯ ಕುರ್ಚಿಯ ಕೆಳಗಿದ್ದ. ಲಂಗ, ಹತ್ತೂ. “ತೀರಾ ದೊಡ್ಡ ಗುಂಡು, ಗುಡ್ಡ ದಾಟಿ ಹೋಯ್ತು,” ಎಂದಿತು ಊರು. ಗುಡ್ಡದಾಚೆಯ ದನದ ಕೊಟ್ಟಿಗೆಯವನು ಫೋನು ಮಾಡಿ, ತನ್ನ ದನಗಳೆಲ್ಲ ಸರಿಯಾಗಿವೆ, ಆದರೂ ಇನ್ನು ಯಾವ್ಯಾವ ಅಳತೆ ಬಾಕಿಯಿದೆ ಎಂದು ವಿಚಾರಿಸಿದ.

ಈ ಮೂರು ವಾರವೂ ಹಾರ್ಲನ್ ಏರುತ್ತಲೇ ಹೋದ. ಚರ್ಚಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ತನ್ನ ಅಂಕಪಟ್ಟಿ ತೋರಿಸುತ್ತಿದ್ದ. ಕಂದಕದಲ್ಲಿ ಆರನೇ ಹಲಗೆ ನೋಡಿಕೊಳ್ಳುತ್ತಿದ್ದವನು ಮುದುಕ ಎಮಿಲ್. ಅವನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಏನು ನೋಡಿದರೂ ಎರಡೆರಡು ಕಾಣುತ್ತಿತ್ತು. “ನನಗೆ ಯಾವಾಗಲೂ ಎರಡು ತೂತು ಕಾಣುತ್ತೆ,” ಎನ್ನುತ್ತಿದ್ದ. “ಡಾಕ್ಟ್ರು ಹೇಳಿದಾರೆ, ಒಂದೇ ಇರೋದು ಅಂತ. ಅದಕ್ಕೇ ಎರಡರಲ್ಲಿ ಚೆನ್ನಾಗಿರೋದಕ್ಕೆ ಬಿಲ್ಲೆ ಹಾಕ್ತೀನಿ.” ಈ ಮಾತಿಗೆ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಡೆಲ್ಬರ್ಟ್ ಚಿಕ್ಕಪ್ಪನಿಗೆ ಮಾತ್ರ ತಲೆ ತಿರುಗಿಹೋಗಿತ್ತು. ರೊಟ್ಟಿಗೆ ಬೆಣ್ಣೆ ಸವರುವಾಗಲೂ, “ಈ ಚಾಕುವಿನ ಅಳತೆ ಸರಿಯಿದೆಯಾ?” ಎಂದು ಕೇಳುತ್ತಿದ್ದ. ಒಂದು ಗುರುವಾರ ಅರ್ಧ ಊರಿನ ಪತ್ರಿಕೆ ಅವರವರ ಡಬ್ಬಿಗೇ ಬಿತ್ತು. ಜನ ಗಾಬರಿಯಾದರು. ಅವನಿಗೆ ಮೈ ಸರಿಯಿಲ್ಲವೆಂದು ಪಾದ್ರಿಗಳ ಹೆಂಡತಿ ಸಾರು ಕಳಿಸಿದಳು.

ಒಂದು ಸಂಜೆ ಅಜ್ಜಿ ಕುರ್ಚಿಯನ್ನು ಬಿಚ್ಚಿ, ಬಟ್ಟೆಯ ಹರಿದ ಅಂಚಿಗೆ ಹೊಲಿಗೆ ಹಾಕುತ್ತ, “ವಾಹನ ನಿಲ್ಲಿಸೋ ಕಡೆ ಗಾಳಿ ಜಾಸ್ತಿ, ಅಲ್ವೇನೋ?” ಎಂದಳು. ಚಿಕ್ಕಪ್ಪ ಬಾಯಲ್ಲಿದ್ದ ತುತ್ತನ್ನು ನುಂಗಲಿಲ್ಲ. ಎದ್ದು ನೇರ ಡಾರ್ಲಾಳ ಅಂಗಡಿಗೆ ಹೋಗಿ, ಕೌಂಟರಿನ ಮೇಲೆ ಎರಡೂ ಕೈಯಿಟ್ಟು, “ಆರೂವರೆ ಕೊಡು. ಹಾರ್ಲನ್ ಬೈದ್ರೆ ಬೈಲಿ,” ಎಂದ.

“ಶ್! ಮೆತ್ತಗೆ,” ಎಂದಳು ಡಾರ್ಲಾ, ಬಾಗಿಲ ಕಡೆ ನೋಡಿ. ಅವಳೇಕೆ ಪಿಸುಗುಟ್ಟಿದಳೆಂದು ಅವತ್ತು ನಮಗೆ ಹೊಳೆಯಲಿಲ್ಲ.

ಆರೂವರೆಯಲ್ಲೂ ಲಂಗಗಳೇ ಬಂದವು. ಪ್ರಪಂಚದಲ್ಲಿ ಅಳತೆಗಳು ಮುಗಿದಿದ್ದವು. ಪಂದ್ಯದ ದಿನ ಬಂತು.

ಅವತ್ತು ಎಮಿಲ್ ಇರಲಿಲ್ಲ. ಗುರುವಾರವಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಮಲಗಿದ್ದ. ಕಂದಕದಲ್ಲಿ ಆರನೇ ಹಲಗೆಗೆ ಆಳಿಲ್ಲ ಎಂದಾಗ ಅಜ್ಜಿ ಎದ್ದು ನಿಂತಳು. “ನಾನು ಹೋಗ್ತೀನಿ. ಇಲ್ಲಿ ಕೂತು ನೋಡೋ ಧೈರ್ಯ ಇಲ್ಲ ನನಗೆ,” ಎಂದು ಉಲ್ಲನ್ ಚೀಲ ಬಗಲಿಗೆ ಹಾಕಿಕೊಂಡು ಪಿಕಪ್ಪು ಹತ್ತಿದಳು. ಏಳನೇ ಹಲಗೆ ಪಾದ್ರಿ ನುಡ್ಸನ್ನರ ಪಾಲಿಗೆ ಬಂದಿತ್ತು. ಕುರ್ಚಿ ಏಳನೇ ಕಟ್ಟೆಯ ಹಿಂದೆ ಖಾಲಿ ಉಳಿಯಿತು. ವಾಕಿಟಾಕಿ ನನ್ನ ಕೈಗೆ ಬಂತು.

ಢಂ. “ಆರಕ್ಕೆ ಗುರುತು ಹಾಕಿ. ಏಳಕ್ಕೆ ಗುರುತು ಹಾಕಿ,” ಎಂದೆ ವಾಕಿಟಾಕಿಯಲ್ಲಿ. ಆರರಲ್ಲಿ ಬಿಲ್ಲೆ, ಏಳರಲ್ಲಿ ಲಂಗ. ಢಂ. ಬಿಲ್ಲೆ, ಲಂಗ. ಏಳನೆಯ ಗುಂಡಿನ ಹೊತ್ತಿಗೆ ಪಾದ್ರಿಗಳು ಬಾವುಟ ಬೀಸುವ ರೀತಿಯೇ ಬದಲಾಗಿತ್ತು. ಶವದ ಮೇಲೆ ಮಣ್ಣು ಹಾಕುವವರ ಹಾಗೆ ಬೀಸುತ್ತಿದ್ದರು. ಹತ್ತೂ ಮುಗಿದಾಗ ಹಾರ್ಲನ್ ಮೊದಲಿಗ, ಡಾರ್ಲಾ ಎರಡನೆಯವಳು, ಡೆಲ್ಬರ್ಟ್ ಚಿಕ್ಕಪ್ಪ ಸೊನ್ನೆ.

ಅವನು ಎದ್ದು ಮಂಡಿಯ ಮಣ್ಣು ಕೊಡವಿದ. ಕುರ್ಚಿಯನ್ನು ಮಡಚಿದ. ಎಷ್ಟು ಮಡಚಿದರೂ ಅದು ಮತ್ತೆ ಬಿಚ್ಚಿಕೊಳ್ಳುತ್ತಿತ್ತು.

“ಬಿಡು ಡೆಲ್ಬರ್ಟ್,” ಎಂದ ಹಾರ್ಲನ್, ಗೆದ್ದವನ ದೊಡ್ಡ ಮನಸ್ಸಿನಿಂದ. “ಕೆಲವರಿಗೆ ಯಾವ ಅಳತೆಯೂ ಇಲ್ಲ.”

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಪಿಕಪ್ಪು ಬಂತು. ಅಜ್ಜಿ ಇಳಿದಳು. ಬಗಲಲ್ಲಿ ಆರನೇ ಹಲಗೆಯ ಗುರಿಕಾಗದದ ಸುರುಳಿ. ಹಿಂದೆ ಪಾದ್ರಿಗಳು, ಮುಖ ಕೆಂಪಗೆ.

“ಹಿಡ್ಕೋ,” ಎಂದು ಕಾಗದದ ಒಂದು ತುದಿಯನ್ನು ಹಾರ್ಲನ್ನನ ಕೈಗೇ ಕೊಟ್ಟು ಬಿಡಿಸಿದಳು.

ತೂತುಗಳಿಗೆ ಕಾಗದ ಅಂಟಿಸಿ ಮುಚ್ಚಬೇಕಾದಲ್ಲಿ ಅವಳು ಉಲ್ಲನ್ ಗಂಟು ಸಿಕ್ಕಿಸಿದ್ದಳು. ಕೆಲವು ಬೂದು, ಕೆಲವು ಕೆಂಪು. ಕೆಂಪು ಗಂಟುಗಳಲ್ಲಿ ಒಂಬತ್ತು ಕಪ್ಪಿನ ನಡುವೆ ಗೊಂಚಲು ಕಟ್ಟಿದ್ದವು. ಬೂದು ಗಂಟುಗಳು ಊರ ದನಗಳ ಹಾಗೆ ಎಲ್ಲೆಲ್ಲೋ ಮೇಯುತ್ತಿದ್ದವು.

“ಒಟ್ಟು ಇಪ್ಪತ್ತು,” ಎಂದಳು ಅಜ್ಜಿ. “ಹಾರ್ಲನ್, ನೀನು ಎಷ್ಟು ಹೊಡೆದೆ?”

“ಹತ್ತು.”

ಅಜ್ಜಿ ಚೀಲದಿಂದ ಹೆಣಿಗೆಯ ಕಡ್ಡಿಗಳನ್ನು ಎಳೆದಳು. “ಇದು ಹತ್ತೂವರೆ ನಂಬರಿನ ಕಡ್ಡಿ. ಆರೂವರೆ ಮಿಲಿಮೀಟರು. ಮೊಮ್ಮಕ್ಕಳ ಸ್ವೆಟರಿಗೆ. ಇದು ಹನ್ನೊಂದನೇ ನಂಬರು, ಎಂಟು ಮಿಲಿಮೀಟರು, ಹೆಚ್ಚುಕಮ್ಮಿ ನಿನ್ನ ಮುನ್ನೂರೆಂಟರಷ್ಟೇ ದಪ್ಪ, ಹೊದಿಕೆಗೆ.” ಬೂದು ಗಂಟೊಂದನ್ನು ಕಿತ್ತು ದಪ್ಪ ಕಡ್ಡಿ ತೂರಿಸಿದಳು, ಅದು ಬಿಗಿಯಾಗಿ ಕೂತಿತು. ಕೆಂಪು ಗಂಟು ಕಿತ್ತಳು. ದಪ್ಪ ಕಡ್ಡಿ ಹೋಗಲಿಲ್ಲ, ಹತ್ತೂವರೆ ಸಲೀಸಾಗಿ ಹೋಯಿತು. “ನಲವತ್ತೊಂದು ವರ್ಷ ಹೆಣೆದಿದೀನಿ. ನನಗೆ ಅಳತೆ ಹೇಳಿಕೊಡ್ಬೇಡಿ. ಕೆಂಪಿನವೆಲ್ಲ ಆರೂವರೆ.”

ಎಲ್ಲರೂ ಚಿಕ್ಕಪ್ಪನ ಕಡೆ ತಿರುಗಿದರು. ಅವನೂ ಹಿಂತಿರುಗಿ ನೋಡಿದ, ಯಾರೋ ಬಂದಿರಬೇಕೆಂದು.

“ನೀನು ಯಾವ ಹಲಗೆಗೆ ಹೊಡೀತಿದ್ದೆ ಮಗಾ?” ಕೇಳಿದಳು ಅಜ್ಜಿ.

“ಏಳಕ್ಕೇ ಅಮ್ಮ! ಪ್ರತಿ ಸಲ ಎಣಿಸಿದೀನಿ. ಎಡದಿಂದ ಒಂದು…” ಅವನು ಬೆರಳು ಚಾಚಿದ. ಬೆರಳು ಮೊದಲು ನಿಂತದ್ದು ಅಂಕಿಯಿಲ್ಲದ ಹಲಗೆಯ ಮೇಲೆ, ತೀರಿಹೋದವರ ಹಲಗೆಯ ಮೇಲೆ. “…ಎರಡು, ಮೂರು…”

“ಅಪ್ಪನ್ನೂ ಸೇರಿಸಿ ಎಣಿಸಿದೆಯೇನೋ!” ಎಂದಳು ಅಜ್ಜಿ.

“ಎಡದಿಂದ ಏಳನೆಯದು ಅಂತ ಇವಳು ಹೇಳಿದ್ಲು,” ಎಂದ ಚಿಕ್ಕಪ್ಪ ನನ್ನ ಕಡೆ ತೋರಿಸಿ. ಹಲಗೆಯ ಕೆಳಗೆ ಆಳೆತ್ತರದ ಅಂಕಿ ಬರೆದಿದೆ. ಅವನ ದುರ್ಬೀನಿಗೆ ಕಪ್ಪು ಮಾತ್ರ ಕಾಣುತ್ತಿತ್ತು. ನನ್ನ ದುರ್ಬೀನಿಗೆ ಎಲ್ಲವೂ ಕಾಣುತ್ತಿತ್ತು, ನಾನು ಅದರ ಹಿಂದೆ ಇರಲಿಲ್ಲ, ಅಷ್ಟೆ. ಆ ಕ್ಷಣ ಗುಡ್ಡದ ಮೇಲೆ ಒಂದೂ ಮೋಡ ಇರಲಿಲ್ಲ, ನೋಡುವುದಕ್ಕೆ.

“ಪತ್ರಿಕೆ ಹಾಕೋ ಕೈ ತಾನೇ,” ಎಂದು ಯಾರೋ ನಿಟ್ಟುಸಿರಿಟ್ಟರು.

ಹಾರ್ಲನ್ ಅಷ್ಟರಲ್ಲಿ ನಿಯಮದ ಪುಸ್ತಕ ತೆಗೆದಿದ್ದ. “ನಿಯಮ ಸ್ಪಷ್ಟವಾಗಿದೆ. ಪಕ್ಕದ ಹಲಗೆಗೆ ಹೊಡೆದದ್ದು ತಪ್ಪಿದ ಗುಂಡು. ಒಂದು ಹಲಗೇಲಿ ಎರಡು ತೂತಿದ್ರೆ, ಹೆಚ್ಚು ಅಂಕದ್ದು ಹಲಗೆಯವನಿಗೆ. ಆದ್ದರಿಂದ ಡೆಲ್ಬರ್ಟ್ ಸೊನ್ನೆ, ನಾನೇ ಮೊದಲಿಗ. ಅಲ್ಲದೆ ನೋಡಿ, ಇದು ಆರೂವರೆಯ ಬುದ್ಧಿ! ಮುನ್ನೂರೆಂಟು ಯಾವತ್ತಾದ್ರೂ ಪರರ ಮನೆಗೆ ನುಗ್ಗಿದ್ದುಂಟಾ?”

“ಸರಿಯಪ್ಪ,” ಎಂದಳು ಅಜ್ಜಿ. “ಹಾಗೇ ಮೈಕಿನಲ್ಲಿ ಹೇಳು. ಈ ವರ್ಷದ ಪಂದ್ಯ ಗೆದ್ದದ್ದು ಹಾರ್ಲನ್ ಕ್ರೂಗರ್, ಆರೂವರೆ ಗುಂಡಿನಲ್ಲಿ.” ಚೀಲದಿಂದ ಅಳತೆಯ ಪಟ್ಟಿ ತೆಗೆದಳು. “ನಡು ಎಷ್ಟು ನಿಂದು? ಲಂಗಕ್ಕೆ ಸ್ವಲ್ಪ ಬಟ್ಟೆ ಸೇರಿಸ್ಬೇಕಾಗುತ್ತೇನೋ.”

ಹಾರ್ಲನ್ನನ ಮೀಸೆ ಇಳಿಯಿತು. ಅವನು ಪುಸ್ತಕದ ಪುಟಗಳನ್ನು ಮುಂದಕ್ಕೆ ತಿರುವಿದ, ಹಿಂದಕ್ಕೆ ತಿರುವಿದ, ಕೊನೆಗೆ ಆರ್ನೆ ಅಜ್ಜನ ಕೈಬರಹದಲ್ಲಿದ್ದ ಒಂದು ಸಾಲಿನ ಮೇಲೆ ಬೆರಳೂರಿ, ಮುಳುಗುವವನು ದೋಣಿ ಹಿಡಿದ ಹಾಗೆ ಓದಿದ: “‘ಪಕ್ಕಪಕ್ಕದ ಕಟ್ಟೆಗಳವರಲ್ಲಿ ತಕರಾರು ಬಂದರೆ, ಅವರಿಬ್ಬರೂ ಅದೇ ದಿನ ಹತ್ತು ಗುಂಡು ಮತ್ತೆ ಹೊಡೆಯತಕ್ಕದ್ದು.’ ತಕರಾರು ಇದೆ! ನನಗೇ ಇದೆ!”

ಅಜ್ಜಿ ಕಡ್ಡಿಗಳನ್ನು ಚೀಲಕ್ಕೆ ಸೇರಿಸಿ, ಪಾದ್ರಿಗಳನ್ನು ಕರೆದುಕೊಂಡು ಮತ್ತೆ ಕಂದಕಕ್ಕೆ ಹೋದಳು. ಹೋಗುವಾಗ ನನ್ನ ಗಲ್ಲ ಹಿಡಿದು ಹಲಗೆಗಳ ಕಡೆ ತಿರುಗಿಸಿ, “ನೆಲ ನೋಡು,” ಎಂದಳು.

ಈ ಸಲ ನಾನೇ ಚಿಕ್ಕಪ್ಪನ ಕೋವಿಯ ಮೂತಿಯನ್ನು ಒಂದು ಹಲಗೆ ಬಲಕ್ಕೆ ಸರಿಸಿ, ಅಂಕಿ ಓದಿ, ಮತ್ತೊಮ್ಮೆ ಓದಿ, “ಇದೇ” ಎಂದೆ. ಅವನು ಮಲಗಿದ. ಹಾರ್ಲನ್ ಮಲಗಿದ. ಢಂ. ಆರಕ್ಕೆ ಬಿಲ್ಲೆ. ಏಳಕ್ಕೂ ಬಿಲ್ಲೆ! ಏಳನೇ ಹಲಗೆಯ ಮೇಲೆ ಮೂರು ವರ್ಷದಲ್ಲಿ ಬಿದ್ದ ಮೊದಲ ಬಿಲ್ಲೆ. ಕಪ್ಪಿನ ಹೊರಗಿತ್ತು, ಆದರೂ ಊರೆಲ್ಲ ಚಪ್ಪಾಳೆ ತಟ್ಟಿತು. ಎದ್ದು ನಿಂತು ನಮಸ್ಕಾರ ಮಾಡಲು ಹೊರಟ ಚಿಕ್ಕಪ್ಪನನ್ನು ನಾನು ಕಾಲು ಹಿಡಿದು ಎಳೆದೆ.

ಗುರಿ ಯಾವುದೆಂದು ತಿಳಿದ ಮೇಲೆ ಹೊಡೆಯುವುದು ಕಷ್ಟ. ಐದು ಗುಂಡಿಗೆ ಕಪ್ಪಿನಲ್ಲಿ ಎರಡು. ಏಳು ಗುಂಡಿಗೆ ಮೂರು. ಒಂಬತ್ತಕ್ಕೆ ನಾಲ್ಕು. ಇನ್ನೊಂದೇ ಗುಂಡು, ಇನ್ನೊಂದೇ ಬೇಕು.

ಮೈದಾನ ಕಾದಿತ್ತು. ಚಿಕ್ಕಪ್ಪ ಅಲುಗಲಿಲ್ಲ. ಒಂದು ನಿಮಿಷವಾಯಿತು.

“ಹೊಡೀ ಚಿಕ್ಕಪ್ಪ,” ಎಂದೆ.

“ಹಾರ್ಲನ್ ಹೊಡೀಲಿ.”

“ನೀನು ಹೊಡೆಯೋಕೆ ಅವನು ಯಾಕೆ ಬೇಕು?”

“ನನಗೆ ನಾನಾಗೇ ಹೊಡೆಯೋಕೆ ಬರಲ್ಲ ಕಣೇ!” ಎಂದ ಅವನು, ಕೋವಿಯ ಹಿಂದಿನಿಂದಲೇ. “ಬೆರಳಿಟ್ಕೊಂಡು ಕಾಯ್ತಿರ್ತೀನಿ. ಅವನು ಢಂ ಅನ್ನಿಸ್ತಾನೆ, ನಾನು ಬೆಚ್ಚಿಬೀಳ್ತೀನಿ, ಆಗ ಹೋಗುತ್ತೆ. ಮೊದಲಿಂದಲೂ ಹಾಗೇ. ಆಶ್ಚರ್ಯ ಆಗ್ಬೇಕು ಅಂತ ಅವನೇ ಹೇಳಿದ್ದ.”

ನಾನು ಹಾರ್ಲನ್ನನ ಕಡೆ ನೋಡಿದೆ. ಅವನು ಖಾಲಿ ಡಬ್ಬಿಯನ್ನು ಬೋರಲು ಹಾಕಿ ಅಲುಗಿಸುತ್ತಿದ್ದ. “ಇಪ್ಪತ್ತರ ಡಬ್ಬಿ ತಂದಿದ್ದೆ. ಬೆಳಿಗ್ಗೆ ಪರೀಕ್ಷೆಗೆ ಒಂದು ಹೋಯ್ತು, ಪಂದ್ಯಕ್ಕೆ ಹತ್ತು, ಈಗ ಒಂಬತ್ತು. ಮುಗೀತು.” ಅವನು ಸಾಲಿನ ಕಡೆ ತಿರುಗಿ ಕೂಗಿದ: “ಯಾರಾದ್ರೂ ಒಂದು ಮುನ್ನೂರೆಂಟು ಕೊಡ್ರಪ್ಪಾ!”

ಒಬ್ಬ ತನ್ನ ಬೂಟಿನ ದಾರ ನೋಡಿಕೊಂಡ. ಒಬ್ಬ ಆಕಾಶ ನೋಡಿದ.

“ಎಲ್ರೂ ಮುನ್ನೂರೆಂಟೇ ಸರಿ ಅಂದಿರಲ್ರೋ ಚರ್ಚಲ್ಲಿ!”

“ನಿನ್ನ ಮುಂದೆ ಅಂದ್ರು,” ಎಂದಳು ಡಾರ್ಲಾ ನಿಧಾನವಾಗಿ. “ಹಾರ್ಲನ್, ಈ ಸಾಲಲ್ಲಿ ನಿನ್ನೊಬ್ಬನ್ನ ಬಿಟ್ರೆ ಒಂಬತ್ತು ಕಟ್ಟೇಲೂ ಆರೂವರೆಯೇ. ಡೆಲ್ಬರ್ಟ್ ಬಿಟ್ಟು ಉಳಿದವರದ್ದೆಲ್ಲ ನಾಲ್ಕು ವರ್ಷ ಆಯ್ತು. ನಿನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ನಾನು ಅದನ್ನ ಹಿಂದಿನ ಬಾಗಿಲಲ್ಲೇ ಮಾರ್ತಿದೀನಿ. ಅಲ್ದೆ… ಈ ವರ್ಷ ಆ ಲಂಗದ ಮಾತು ಬೇರೆ. ನಿನ್ನ ಮೊಣಕಾಲು ನೋಡೋ ಆಸೆ ಯಾರಿಗೂ ಇಲ್ಲ.”

ಹಾರ್ಲನ್ ಬಹಳ ಹೊತ್ತು ಆ ಒಂಬತ್ತು ಮುಖಗಳನ್ನು ನೋಡಿದ. ಆಮೇಲೆ ಖಾಲಿ ಕುರ್ಚಿಯನ್ನು ನೋಡಿದ. ಚಿಕ್ಕಪ್ಪ ಎಷ್ಟು ಮಡಚಿದರೂ ಮಡಚದೆ ಅದು ಬಾಯಿ ಬಿಟ್ಟುಕೊಂಡು ನಿಂತಿತ್ತು.

“ಬೆರಳಿಡು ಡೆಲ್ಬರ್ಟ್,” ಎಂದ.

ಮತ್ತೆ ತನ್ನ ಕಟ್ಟೆಯ ಮೇಲೆ ಬೋರಲು ಮಲಗಿದ. ಖಾಲಿ ಕೋವಿಯನ್ನು ಭುಜಕ್ಕೇರಿಸಿಕೊಂಡ, ಒಂದು ಕಣ್ಣು ಮುಚ್ಚಿದ, ಗಾಳಿ ಓದಿದ. ಇದನ್ನೆಲ್ಲ ಏಕೆ ಮಾಡಿದನೋ, ಬಹುಶಃ ಅರ್ಧಂಬರ್ಧ ಮಾಡುವುದು ಅವನ ಸ್ವಭಾವದಲ್ಲೇ ಇರಲಿಲ್ಲ. ಆಮೇಲೆ ಇಪ್ಪತ್ತೆಂಟು ವರ್ಷದ ಅನುಭವವನ್ನೆಲ್ಲ ಎದೆಗೆ ತುಂಬಿಕೊಂಡು ಬಾಯಿ ತೆರೆದ.

“ಢಂ!”

ಚಿಕ್ಕಪ್ಪ ಬೆಚ್ಚಿಬಿದ್ದ. ಆರೂವರೆ ಹೊರಟಿತು.

ಏಳನೇ ಹಲಗೆ ಇಳಿಯಿತು. ಮೇಲೆ ಬರಲು ತಡವಾಯಿತು. ಪಾದ್ರಿಗಳು ಕಪ್ಪಿನ ಅಂಚನ್ನು ಮೂಗು ತಾಗಿಸಿ ನೋಡುತ್ತಿದ್ದರಂತೆ. ಅಜ್ಜಿ ಪಕ್ಕದಿಂದ ಬಂದು ಹತ್ತೂವರೆ ಕಡ್ಡಿ ತೂರಿಸಿ, “ಒಳಗಿದೆ ಸ್ವಾಮಿ, ಬಿಲ್ಲೆ ಹಾಕಿ,” ಎಂದಳಂತೆ. ಹಲಗೆ ಏರಿತು. ಬಿಲ್ಲೆ ಕಪ್ಪಿನಲ್ಲಿತ್ತು. ಅಂಚಿನಲ್ಲಿತ್ತು, ಆದರೆ ಕಪ್ಪಿನಲ್ಲಿತ್ತು.

ಊರು ಕೂಗುತ್ತಿರುವಾಗಲೇ ಆರನೇ ಹಲಗೆಯೂ ಇಳಿಯಿತು. ಗಡಿಬಿಡಿಯಲ್ಲಿ ನಾನು ವಾಕಿಟಾಕಿಯ ಗುಂಡಿ ಒತ್ತಿಯೇ ಹಿಡಿದಿದ್ದೆ. ಹಾರ್ಲನ್ನನ ಢಂ ಕಂದಕದವರೆಗೂ ಮುಟ್ಟಿತ್ತು. ಅಜ್ಜಿ ನಿಯಮದವಳು. ಹಲಗೆಯನ್ನು ಮೂಲೆಯಿಂದ ಮೂಲೆಗೆ ಹುಡುಕಿದಳು. ಆಮೇಲೆ ಆರನೇ ಹಲಗೆಯ ಮುಂದೆ ಮ್ಯಾಗಿಯ ಲಂಗ, ಯಾವ ಅವಸರವೂ ಇಲ್ಲದೆ, ಈ ಕಡೆಯಿಂದ ಆ ಕಡೆಗೆ ಹೋಯಿತು.

ಲೆಕ್ಕಕ್ಕೆ ಬಂದದ್ದು ಈ ಎರಡನೇ ಸುತ್ತು, ಅದರಲ್ಲಿ ಹಾರ್ಲನ್ ಒಂಬತ್ತು ಗುಂಡನ್ನೂ ಚೆನ್ನಾಗಿಯೇ ಹೊಡೆದಿದ್ದ. ಆ ಒಂದು ತಪ್ಪಿನಿಂದ ಅವನು ಎರಡನೆಯವನಾದ, ಡಾರ್ಲಾ ಮೊದಲನೆಯವಳಾದಳು, ಅದೂ ಆರೂವರೆಯಲ್ಲಿ. ಭಾನುವಾರ ಚರ್ಚು ಬಿಟ್ಟ ಮೇಲೆ ಹಾರ್ಲನ್ ಪೇಟೆ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದ. ಗಾಳಿಯಿತ್ತು. ಲಂಗದ ಅಂಚಿಗೆ ಅಜ್ಜಿ ನಾಲ್ಕು ಬೆರಳಗಲದ ಉಲ್ಲನ್ ಪಟ್ಟಿ ಹೆಣೆದು ಸೇರಿಸಿದ್ದಳು, ಮೊಣಕಾಲು ಮುಚ್ಚಲೆಂದು. ಜನ ಎರಡೂ ಬದಿಯಲ್ಲಿ ನಿಂತು ಟೋಪಿ ತೆಗೆದರು.

ಈಗಲೂ ಹೊಸಬರು ಯಾರಾದರೂ ಮೈದಾನಕ್ಕೆ ಬಂದು, ದೂರದ ಗುರಿ ಕಲಿಯಲು ಯಾವ ಅಳತೆಯ ಗುಂಡು ಒಳ್ಳೆಯದೆಂದು ಕೇಳಿದರೆ, ಎಲ್ಲರೂ ಏಳನೇ ಕಟ್ಟೆಯ ಕಡೆ ಕೈ ತೋರಿಸುತ್ತಾರೆ. ಅಜ್ಜಿ ಕುರ್ಚಿಯಲ್ಲಿ ಹೆಣೆಯುತ್ತಿರುತ್ತಾಳೆ. ಚಿಕ್ಕಪ್ಪ ಕೋವಿ ಒರೆಸುವುದನ್ನು ನಿಲ್ಲಿಸಿ, ಬಹಳ ಯೋಚಿಸಿ ಹೇಳುತ್ತಾನೆ:

“ಯಾವುದಾದ್ರೂ ಆಗುತ್ತೆ ಮಾರಾಯ. ಪಕ್ಕದಲ್ಲಿ ಹಾರ್ಲನ್ ಇರ್ಬೇಕು, ಅಷ್ಟೆ.”